ಮಾತು ಮೆತ್ತಗೆ ಮಾಡುವ ರೆಜಿನಕ್ಕ

ರೆಜಿನಕ್ಕ ನಗುವಾಗಲೂ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಫೋನಿನಲ್ಲಿ ಮಾತನಾಡುವಾಗಲೂ, ಎದುರಿಗೆ ನರಪಿಳ್ಳೆ ಇಲ್ಲದಾಗಲೂ, ಬಲಗೈ ತಾನಾಗಿ ಮೇಲೇರಿ ತುಟಿಗಳ ಮುಂದೆ ಕಾವಲು ನಿಲ್ಲುತ್ತಿತ್ತು. ನಡಿಗೆಯೂ ಅದೇ ಬಗೆಯದು. ಕಾರಿಡಾರು ಎಷ್ಟೇ ವಿಶಾಲವಾಗಿರಲಿ, ಅವರು ಗೋಡೆಯ ಬದಿಗೇ ಸರಿದು, ಎದುರು ಬರುವವರಿಗೆಲ್ಲ ದಾರಿ ಬಿಟ್ಟು ನಡೆಯುವವರು. ದೋಹಾದ ಬಿಸಿಲಿಗೆ ಊರೆಲ್ಲ ಬೆವರಿ ತೊಪ್ಪೆಯಾದಾಗಲೂ ಅವರು ತಮ್ಮ ಕಡುನೀಲಿ ಕೋಟನ್ನು ಕಳಚಿದ್ದು ನಾನು ಕಂಡಿಲ್ಲ. ಕೇಳಿದರೆ, "ಆಫೀಸಿನ ಎ.ಸಿ. ಎಲುಬಿಗೆ ಹೊಕ್ಕಿದೆ ಮಾರಾಯ್ರೆ, ಹೊರಗೆ ಬಂದ್ರೂ ಬಿಡುದಿಲ್ಲ" ಎನ್ನುವರು.

ನಮ್ಮ ಕರಾವಳಿಯ ಶಿರ್ವದ ಈ ಹೆಂಗಸು ದೋಹಾದ ವೆಸ್ಟ್ ಬೇಯ ಒಂದು ಗಗನಚುಂಬಿಯಲ್ಲಿ, ಭೂಪಟದ ಮೇಲೆ ದೇಶಕ್ಕಿಂತ ಅದರ ಹೆಸರೇ ಹೆಚ್ಚು ಜಾಗ ತಿನ್ನುವ ಒಂದು ದ್ವೀಪರಾಷ್ಟ್ರದ ರಾಯಭಾರಿಗೆ ಕಾರ್ಯದರ್ಶಿ. ರಾಯಭಾರಿಗಳು ಬಂದರು, ಹೋದರು, ರೆಜಿನಕ್ಕ ಉಳಿದರು. ಟೈಪು ಮಾಡುವುದು ನೆಪ ಮಾತ್ರ, ಅವರ ಅಸಲು ಕೆಲಸ ಮಾತನ್ನು ಮೆತ್ತಗೆ ಮಾಡುವುದು. "ಖಂಡಿಸುತ್ತೇವೆ" ಎಂದು ಬಂದದ್ದು ಅವರ ಮೇಜು ದಾಟುವಷ್ಟರಲ್ಲಿ "ಕಳವಳ ವ್ಯಕ್ತಪಡಿಸುತ್ತೇವೆ" ಆಗುತ್ತಿತ್ತು. ಕಳವಳವು "ಗಮನಿಸಿದ್ದೇವೆ" ಆಗುತ್ತಿತ್ತು. ಒಮ್ಮೊಮ್ಮೆ ಆ ಗಮನವೂ ಮಾಯವಾಗಿ, ಆತಿಥ್ಯದ ಪ್ರಶಂಸೆಯೊಂದೇ ಕೊನೆಗೆ ಉಳಿಯುತ್ತಿತ್ತು.

ಇದಕ್ಕಾಗಿ ನಾನು ಅವರೊಡನೆ ಜಗಳವಾಡಿದ್ದುಂಟು. ಸೂಕ್ ವಾಕಿಫ್ ಪೇಟೆಯಲ್ಲಿ ಕರಕ್ ಚಹಾ ಹೀರುತ್ತ, ಅನ್ಯಾಯ ಎಲ್ಲಿ ನಡೆದರೂ ಅನ್ಯಾಯವೇ, ದೇಶ ಸಣ್ಣದೆಂದು ಅದರ ಮಂತ್ರಿಗಳ ನಾಲಿಗೆಯೂ ಸಣ್ಣದಾಗಬೇಕೆ ಎಂದು ನಾನು ಗುಡುಗಿದರೆ, ಅವರು ಅಂಗೈಯ ಹಿಂದಿನಿಂದ ಒಂದೇ ಗಾದೆ ಹೇಳುವರು: "ಬಡವನ ಸಿಟ್ಟು ದವಡೆಗೆ ಮೂಲ." ಆಮೇಲೆ ಮೆಲ್ಲಗೆ, "ನಿಮಗೆಂತ, ಹೇಳ್ತೀರಿ. ನೀವು ಖಂಡಿಸ್ಲಿಕ್ಕೆ ಹೇಳುವ ಆ ದೊಡ್ಡ ದೇಶದವರೇ ನಮ್ಮ ದ್ವೀಪಕ್ಕೆ ಹಡಗಿನ ಬಂದರು ಕಟ್ಟಿ ಕೊಡ್ತಾ ಇದ್ದಾರೆ. ನಾಳೆ ಖಲಾಸ್ ಅಂತ ಎದ್ದು ಹೋದ್ರೆ?" ಎನ್ನುವರು. ತಾವು ಒಮ್ಮೆಯೂ ಕಾಲಿಡದ ನೆಲ ಅವರಿಗೆ "ನಮ್ಮ ದ್ವೀಪ"! ನಾನು ಚುಡಾಯಿಸುತ್ತಿದ್ದೆ. ಆದರೆ ಆ "ನಮ್ಮ" ಎಂಬುದರ ಹಿಂದೆ ಟೋನಿ ಇದ್ದರು. ಟೋನಿ ಅವರ ಗಂಡ. ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆ ಮೂರು ಬಾರಿ ಇಲ್ಲಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಮಲಗುವವರು. ಹೆಂಡತಿಯ ಕೆಲಸದ ಮೇಲೆ ಗಂಡನ ವೀಸಾ, ಆ ವೀಸಾದ ಮೇಲೆ ಗಂಡನ ಉಸಿರು. ಊರಿಗೆ ಹೋದರೆ ಯಂತ್ರಕ್ಕೆ ಸರದಿ ಕಾಯಬೇಕು. ಕಾಯುವ ತ್ರಾಣ ಟೋನಿಯಲ್ಲಿ ಉಳಿದಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಆ ದ್ವೀಪದ ರಾಷ್ಟ್ರೀಯ ದಿನ ಬಂತು. ಹೋಟೆಲೊಂದರಲ್ಲಿ ಸಮಾರಂಭ. ದೋಹಾದಲ್ಲಿ ಆ ದೇಶದ ಪ್ರಜೆಗಳು ಬೆರಳೆಣಿಕೆಯಷ್ಟು, ಹಾಗಾಗಿ ಕುರ್ಚಿ ತುಂಬಿಸುವ ಭಾರ ಪ್ರತಿವರ್ಷವೂ ರೆಜಿನಕ್ಕನದೇ. ಅವರು ತಮ್ಮ ಚರ್ಚಿನ, ಅವರ ಮಾತಿನಲ್ಲಿ ಇಗರ್ಜಿಯ, ಕೊಂಕಣಿ ಬಳಗವನ್ನು ಕರೆತಂದು ಹಿಂದಿನ ಸಾಲುಗಳಲ್ಲಿ ಕೂರಿಸುವರು. ದೇಶ ಅವರದು, ಜನ ನಮ್ಮವರು! ತುಳು ಮನೆಮಾತಿನ ನಾನೂ ಆ ಲೆಕ್ಕಭರ್ತಿಯಲ್ಲಿ ಒಬ್ಬ.

ಈ ಸಲ ದ್ವೀಪದಿಂದ ವಿದೇಶಾಂಗ ಸಚಿವರೇ ಬಂದಿದ್ದರು, ಹಿಂದೆ ಶಾಲಾ ಮೇಷ್ಟರಾಗಿದ್ದ ಮುದುಕರು. ಬಂದರು ಕಟ್ಟಿಕೊಡುವ ಆ ದೊಡ್ಡ ದೇಶವು, ಬರೆದದ್ದೊಂದೇ ಅಪರಾಧಕ್ಕೆ ತನ್ನವರೇ ಕೆಲವರನ್ನು ಸೆರೆಗೆ ತಳ್ಳಿತ್ತು; ಅವರ ಹೆಸರುಗಳು ಸಚಿವರ ಭಾಷಣದಲ್ಲಿದ್ದವು. ಬೆಳಿಗ್ಗೆಯೇ ರೆಜಿನಕ್ಕ ಆ ಭಾಗಕ್ಕೆ ಕತ್ತರಿ ಹಾಕಿದ್ದರು. ರಾಯಭಾರಿ ನೆಮ್ಮದಿಯ ನಿಟ್ಟುಸಿರು ಬಿಟ್ಟಿದ್ದರು, ಸಚಿವರೂ ತಲೆಯಾಡಿಸಿದ್ದರು. ಆದರೆ ವೇದಿಕೆ ಏರಿದ ಮೇಲೆ ಅವರು ಹಾಳೆಗಳನ್ನು ಮಡಿಚಿ ಜೇಬಿಗಿಟ್ಟು, ತರಗತಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ, ಬಾಯಿಪಾಠವಾಗಿ, ಒಂದು ಹೆಸರು ಹೇಳಿದರು. ನಿಲ್ಲಿಸಿದರು. ಇನ್ನೊಂದು ಹೆಸರು. ಮತ್ತೆ ಮೌನ. ಮುಂದಿನ ಸಾಲಿನಲ್ಲಿ ದೊಡ್ಡ ದೇಶದ ಪ್ರತಿನಿಧಿ ಕಲ್ಲಾಗಿ ಕುಳಿತಿದ್ದ. ಮೂರನೆಯ ಹೆಸರಿನ ನಂತರದ ಮೌನದಲ್ಲಿ, ಗೋಡೆಯ ಪಕ್ಕದಿಂದ, ಸ್ಪಷ್ಟವಾಗಿ ಕೇಳಿಸಿತು: "ಆಮ್ಚೆ ಖಾತಿರ್ ವಿನತಿ ಕರ್."

ನಮಗಾಗಿ ಪ್ರಾರ್ಥಿಸು! ಸಂಜೆಯ ತೇರ್ಸದಲ್ಲಿ, ಅಂದರೆ ಜಪಮಾಲೆಯ ಪ್ರಾರ್ಥನೆಯಲ್ಲಿ, ಒಬ್ಬರು ಸ್ವರ್ಗ ಸೇರಿದ ಸಂತರ ಹೆಸರು ಹೇಳಿ ನಿಲ್ಲಿಸಿದರೆ ಮನೆಮಂದಿಯೆಲ್ಲ ಕೊಡುವ ಉತ್ತರ ಅದು. ಹೆಸರು, ಮೌನ, ಹೆಸರು, ಮೌನ. ಹಾಲು ಕುಡಿಯುವ ವಯಸ್ಸಿನಿಂದ ಕೇಳಿದ ಆ ಲಯ ಬಂದೊಡನೆ ನಾಲಿಗೆ ಬುದ್ಧಿಯ ಅಪ್ಪಣೆಗೆ ಕಾಯಲಿಲ್ಲ. ಇಗರ್ಜಿಯ ಆವರಣದಾಚೆ ಈ ಊರಿನಲ್ಲಿ ಯಾರೂ ಗಟ್ಟಿಯಾಗಿ ಹೇಳದ ಮಾತನ್ನು, ಊಟದಲ್ಲಿ ಉಪ್ಪು ಕೇಳಲೂ ಪಿಸುಗುಟ್ಟುವ ರೆಜಿನಕ್ಕ, ರಾಯಭಾರಿಗಳ ಸಭೆಯಲ್ಲಿ ಹೇಳಿದ್ದರು. ಅಷ್ಟಕ್ಕೇ ಮುಗಿಯಲಿಲ್ಲ. ಸಚಿವರು ನಾಲ್ಕನೆಯ ಹೆಸರು ಹೇಳಿದಾಗ ಹಿಂದಿನ ಎರಡು ಸಾಲುಗಳು ಒಕ್ಕೊರಲಿನಿಂದ ಓಗೊಟ್ಟವು. ನನ್ನ ಪಕ್ಕದಲ್ಲಿದ್ದ, ಅದೇ ಬಳಗದ ಎಡ್ನಾ ಮೊದಲು ತಾನೂ ಹೇಳಿ, ಆಮೇಲೆ ಬೆಚ್ಚಿ, "ಜೆಜು! ಜೀವ ಇರುವವರಿಗೆ ಹೀಗೆ ಹೇಳುದುಂಟಾ?" ಎಂದಳು. ದೊಡ್ಡ ದೇಶದ ಪ್ರತಿನಿಧಿ ಎದ್ದು ಹೊರನಡೆದ. ರೆಜಿನಕ್ಕನ ಅಂಗೈ ಆಗಷ್ಟೇ ಮೇಲೇರಿ ಬಾಯಿಗೆ ಅಡ್ಡ ನಿಂತಿತು.

ಮರುದಿನವೇ ದೊಡ್ಡ ದೇಶದವರಿಂದ ದೂರು ಬಂತು. ಸಚಿವರ ಮಾತನ್ನು ನುಂಗಿಕೊಂಡೇವು, ಕೂಲಿ ಜನರನ್ನು ಕೂರಿಸಿ ಘೋಷಣೆ ಕೂಗಿಸಿದ್ದನ್ನು ಸಹಿಸೆವು ಎಂದು. ರಾಯಭಾರಿ ಕೆಟ್ಟವರಲ್ಲ, ಬಾಯಿತಪ್ಪಿನಿಂದ ಆದ ಪ್ರಮಾದ, ಕ್ಷಮೆಯಿರಲಿ ಎಂದು ರೆಜಿನಕ್ಕ ಒಂದು ಸಾಲು ಬರೆದುಕೊಟ್ಟರೆ ಎಲ್ಲ ತಣ್ಣಗಾಗುತ್ತದೆ ಎಂದರು. ಬಾಯಿತಪ್ಪು ಎಂಬುದು ಸುಳ್ಳೂ ಆಗಿರಲಿಲ್ಲ. ಗುಡುಗುತ್ತಿದ್ದ ನಾನೇ ರೆಜಿನಕ್ಕನ ಮುಂದೆ ಕೈಮುಗಿದೆ.

"ಬರೆದು ಬಿಡಿ ರೆಜಿನಕ್ಕ. ಟೋನಿಯನ್ನು ನೆನೆಸಿಕೊಳ್ಳಿ."

"ಬಾಯಿತಪ್ಪಿ ಬಂದದ್ದು ಹೌದು," ಎಂದರು. "ಆದ್ರೆ ಬಂದ ಮೇಲೆ ತಿರುಗಿಸಿ ಮುರುಗಿಸಿ ನೋಡಿದೆ. ಅದ್ರಲ್ಲಿ ತೆಗೀಲಿಕ್ಕೆ ಎಂತದೂ ಇಲ್ಲ. ಪ್ರಾರ್ಥನೆ ಮಾಡಿದ್ದು ತಪ್ಪಾಯ್ತು ಅಂತ ಹೇಗೆ ಬರೆಯುದು ಮಾರಾಯ್ರೆ?"

"ಟೋನಿಗೆ ಹೇಳಿದ್ರಾ?"

"ಹೇಳಿದೆ. ಗೋಡೆ ಕಡೆ ತಿರುಗಿ ಮಲಗಿದ್ರು. ಇನ್ನೂ ನನ್ನ ಹತ್ರ ಮಾತಾಡ್ಲಿಲ್ಲ."

ಆ ತಿಂಗಳ ಕೊನೆಗೆ ರೆಜಿನಕ್ಕನ ಕೆಲಸ ಹೋಯಿತು. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯ ಮೇಲಿದ್ದ ಟೋನಿ ನನಗೆ ಕೈಯಾಡಿಸಿದರು, ಹೆಂಡತಿಯತ್ತ ಮಾತ್ರ ತಿರುಗಲಿಲ್ಲ. ಈಗ ಊರಿನ ಆಸ್ಪತ್ರೆಯಲ್ಲಿ ಅವರು ಪ್ರತಿ ಸಲವೂ ಯಂತ್ರಕ್ಕಾಗಿ ಸರದಿ ಕಾಯುತ್ತಿದ್ದಾರೆ. ಸಚಿವರು ಸಚಿವರಾಗಿಯೇ ಇದ್ದಾರೆ. ಅವರ ಧೈರ್ಯವನ್ನು ಪತ್ರಿಕೆಗಳು ಕೊಂಡಾಡಿದವು. ಇನ್ನು ಆ ಬಂದರಿನ ಕಾಮಗಾರಿ ಒಂದು ದಿನಕ್ಕೂ ನಿಲ್ಲಲಿಲ್ಲವಂತೆ. ಅದನ್ನು ಕೇಳಿದಾಗ ನನಗಾದ ಆಘಾತ ಇನ್ನೂ ಇಳಿದಿಲ್ಲ.

ಸಣ್ಣ ದೇಶದ ಮಂತ್ರಿ ಪರನಾಡಿನ ಅನ್ಯಾಯಕ್ಕೆ ಬಾಯಿ ತೆರೆಯಬೇಕೆ ಎಂದರೆ ಇಂದೂ ನಾನು ಹೌದೆನ್ನುತ್ತೇನೆ, ಆದರೆ ದನಿ ಮೊದಲಿನಂತೆ ಏಳುವುದಿಲ್ಲ. ರೆಜಿನಕ್ಕನಂಥವರು ಲೋಕದ ಎಲ್ಲ ಕಚೇರಿಗಳಲ್ಲೂ ಇದ್ದಾರೆ. ನಾವು ಅವರನ್ನು ಪುಕ್ಕಲರೆಂದು ನಗುತ್ತೇವೆ. ಅವರು ಮಾತನ್ನು ಅಷ್ಟು ಹೆದರಿ ಹೆದರಿ ಮುಟ್ಟುವುದು, ವೇದಿಕೆಯ ಮೇಲೆ ಯಾರೇ ಆಡಿದ ಮಾತಿಗೂ ಕೊನೆಗೆ ಬೆಲೆ ತೆರಬೇಕಾದವರು ಹಿಂದಿನ ಸಾಲಿನಲ್ಲಿ ಕುಳಿತ ತಾವೇ ಎಂಬುದು ಅವರಿಗೆ ಮೊದಲೇ ಗೊತ್ತಿರುವುದರಿಂದ.