ಆರು ಗ್ರಹ ಕೂಡಿದ ದಿನದ ಮೂರನೇ ಸೂಜಿ

ತಮಿಳುನಾಡಿನ ಗಡಿಯೂರು ತಿಗನಾರೆಯ ವಿಶಾಲಾಕ್ಷಮ್ಮನವರ ಕಾಲಿಗೆ ಬೀದಿನಾಯಿ ಕಚ್ಚಿ ಅಂದಿಗೆ ಏಳು ದಿನ. ಎರಡು ಸೂಜಿ ಆಗಿತ್ತು. ಮೂರನೆಯದಕ್ಕೆ ತಾಳವಾಡಿ ಆಸ್ಪತ್ರೆಗೆ ಹೋಗಬೇಕು. ಸೊಸೆ ದಿವ್ಯ ಸೂಜಿಯ ದಿನ ಬರೆದ ಚೀಟಿ ಹಿಡಿದು ಹೊರಟು ನಿಂತರೆ, ಅತ್ತೆ ಟಿ.ವಿ. ಜ್ಯೋತಿಷಿಯ ಮುಂದಿನಿಂದ ಏಳಲೊಲ್ಲರು.

"ಆರು ಗ್ರಹ ಒಂದೇ ಮನೇಲಿ ಕೂಡ್ತಾವಂತೆ ಕಣವ್ವ. ಸಿಂಹರಾಶಿಯೋರು ಇವತ್ತು ಒಸ್ಲು ದಾಟಬ್ಯಾಡಿ ಅಂದವ್ರೆ. ನಂದು ಸಿಂಹರಾಶಿ. ಗ್ರಹ ಚದುರ್ಲಿ, ಆಮ್ಯಾಕೆ ಓಗ್ಮಾ."

"ಅಲ್ಲೀಗಂಟ ನಾಯಿ ನಂಜು ಕಾಯ್ತದಾ ಅತ್ತೆ?"

"ಗಾಯ ಮಾಯ್ದದೆ, ಸುಮ್ಕಿರು!"

ಅಷ್ಟರಲ್ಲಿ ಊರಿನ ನರ್ಸ್ ಪರಿಮಳ ಬಂದಳು. ವಿಷಯ ಕೇಳಿ ವಿಶಾಲಾಕ್ಷಮ್ಮನವರ ಪಕ್ಕದಲ್ಲೇ ಕುಳಿತುಬಿಟ್ಟಳು.

"ಅವ್ವಾ, ಮೇಲೆ ಮಾಯ್ದ್ರೂ ಒಳಗೆ ನಂಜು ಇರಬೌದು. ಅದು ತಲೆಗೇರುದ್ರೆ ಯಾವ ಡಾಕ್ಟ್ರ ಕೈಲೂ ಆಗಕಿಲ್ಲ. ನಿಮ್ಮುನ್ನ ಕರ್ಕೊಂಡೇ ನಾನು ಇಲ್ಲಿಂದ ಏಳೋದು."

"ಅಂಗಾರೆ ಗ್ರಹ ಕೂಡೋದು ಸುಳ್ಳಾ?"

"ಕೂಡೋದು ದಿಟ. ಅವು ಅವುಗಳ ದಾರೀಲಿ ಓಯ್ತಾವೆ. ಅದ್ರಿಂದ ನಮ್ಗೇನಾಯ್ತದೆ ಅಂತ ಒಬ್ಬೊಬ್ರು ಒಂದೊಂದು ಅಂತಾರೆ. ದಿವ್ಯ, ತಮಿಳು ಚಾನೆಲ್ ಆಕಮ್ಮ."

ಅಲ್ಲೂ ಒಬ್ಬ ಜ್ಯೋತಿಷಿ ಕುಳಿತಿದ್ದ. "ಸಿಮ್ಮ ರಾಸಿಕ್ಕು ಪಯಣಂ ವೆಟ್ರಿ!" ಎಂದು ನಗುತ್ತಿದ್ದ.

ವಿಶಾಲಾಕ್ಷಮ್ಮನವರಿಗೆ ತಮಿಳೇನು ಹೊಸದೇ? ಮೂಗಿನ ಮೇಲೆ ಬೆರಳಿಟ್ಟರು. "ಇವ್ನು ಪಯಣ ಒಂಟ್ರೆ ಗೆಲುವು ಅಂತಾನೆ, ಅವ್ನು ಒಸ್ಲೇ ದಾಟಬ್ಯಾಡ ಅಂತಾನೆ! ಗ್ರಹ ಅವೇ ತಾನೆ?"

"ಅವೇ ಅವ್ವಾ. ಸೂಜಿ ವಿಷ್ಯ ಕೇಳಿ ನೋಡಿ. ಸತ್ಯಮಂಗಲದಲ್ಲಿ ತಮಿಳಲ್ಲಿ ಕೇಳಿ, ಚಾಮರಾಜನಗರದಲ್ಲಿ ಕನ್ನಡದಲ್ಲಿ ಕೇಳಿ. ಏಳು ದಿನಕ್ಕೆ ಅಂದ್ರೆ ಏಳೇ ದಿನಕ್ಕೆ!"

ಮುದುಕಿ ತಾವೇ ಎದ್ದು ಟಿ.ವಿ. ಆರಿಸಿದರು. "ದಿವ್ಯ, ಓಗಿ ಬಸ್ಸು ನಿಲ್ಸು. ಸೀರೆ ಬದ್ಲಾಯ್ಸ್ಕೊಂಡು ಬಂದೆ."

ಸೂಜಿ ಹಾಕಿಸಿಕೊಂಡ ಮೇಲೆ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಇನ್ನೊಂದು ಇಪ್ಪತ್ತೆಂಟನೇ ದಿನಕ್ಕಲ್ವಾ? ಒಂಬತ್ತು ಗ್ರಹ ಬಂದು ಅಡ್ಡ ನಿಂತ್ರೂ ಬತ್ತೀನಿ ಕಣವ್ವ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾಯಿ ಕಚ್ಚಿದರೆ ಆ ಕ್ಷಣವೇ ಗಾಯವನ್ನು ಸೋಪು ಹಾಕಿ, ಸುರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಒಂದು ಸೂಜಿಯನ್ನೂ ತಪ್ಪಿಸಬೇಡಿ. ಗ್ರಹಗಳು ಸಾಲುಗೂಡಿದರೆ ಸಂಜೆ ಅಂಗಳಕ್ಕೆ ಬಂದು ಕಣ್ತುಂಬ ನೋಡಿ, ಚೆಂದವಾಗಿರುತ್ತವೆ. ಸೂಜಿಯ ದಿನಕ್ಕೆ ಮಾತ್ರ ಕೈಯಲ್ಲಿರುವ ಚೀಟಿ ನೋಡಿ.