ಆಲ್ಬಮ್ಮಿನ ಕೊನೆಯ ಪುಟ

ಲೊರೇನ್ ಮಗಳ ಕೂದಲನ್ನು ಮೂರು ಎಳೆ ಮಾಡಿ ಹಿಡಿದಿದ್ದಳು. ಹೆಣೆಯಬೇಕು ಎನ್ನುವಷ್ಟರಲ್ಲಿ ಅಡುಗೆಮನೆಯ ಜಾಲರಿ ಬಾಗಿಲನ್ನು ಯಾರೋ ದಬದಬ ಬಡಿದರು.

"ಬಂತು ಕಣೇ! ಅಂಗಡಿಗೆ ಬಂದೇಬಿಡ್ತು!"

ಪಕ್ಕದ ಮನೆಯ ಒಫೀಲಿಯಾ, ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವ ಬೆಟೋನ ತಾಯಿ. ಕೈಯಲ್ಲಿ ಬ್ಯಾಂಡಿನ ಹೊಸ ಸೀಡಿ, ಅದರೊಳಗೆ ಬರುವ ಪುಟಪುಟವಾಗಿ ಮಡಿಚಿದ ಹಾಳೆ. ಐದು ವರ್ಷ ಇದೇ ಬೀದಿಯ ಗ್ಯಾರೇಜಿನಲ್ಲಿ ಹುಡುಗರು ರೆಗೆ ಸಂಗೀತದ ಓಲಾಡುವ ತಾಳಕ್ಕೆ ರಾಕ್ ಗಿಟಾರಿನ ಅಬ್ಬರ ಬೆರೆಸುತ್ತಿದ್ದಾಗ, ತಲೆನೋವೆಂದು ಎರಡು ಸಲ ಪೊಲೀಸರನ್ನು ಕರೆಸಿದವಳೂ ಇವಳೇ. ಈಗ ಲಾಂಗ್ ಬೀಚ್ ಊರಿನಲ್ಲಿ ಯಾವ ರೇಡಿಯೋ ತಿರುಗಿಸಿದರೂ ಆ ಹುಡುಗರದೇ ಹಾಡು.

ಲೊರೇನಳ ಗಂಡ ರಸೆಲ್ ಆ ಬ್ಯಾಂಡಿನ ಬೇಸ್ ಗಿಟಾರಿನವನು. ಊರೂರಿನ ಕಾರ್ಯಕ್ರಮಗಳಿಗೆಂದು ಹೋದವನು ಮೂರು ವಾರದ ಹಿಂದೆ ಫೋನ್ ಮಾಡಿ, ಇನ್ನು ಈ ಮನೆಗೆ ಬರುವುದಿಲ್ಲ ಎಂದಿದ್ದ. ಲೊರೇನ್ ಇನ್ನೂ ಹಾಸಿಗೆಯ ತನ್ನ ಅಂಚಿನಲ್ಲೇ ಮಲಗುತ್ತಿದ್ದಳು. ಏಳು ವರ್ಷದ ಮಗಳು ಟೆಸ್‌ಗೆ ಮಾತ್ರ ಹೇಳಲು ಬಾಯಿ ಬಂದಿರಲಿಲ್ಲ. ಕಾರ್ಯಕ್ರಮ ಇನ್ನೂ ಮುಗಿದಿಲ್ಲ ಎಂದು ದಿನ ತಳ್ಳುತ್ತಿದ್ದಳು. ಟೆಸ್ ಕೂಡ ಅಪ್ಪನ ಬಟ್ಟೆ ಯಾರು ಒಗೀತಾರೆ, ಅಲ್ಲಿ ಚಳಿ ಇದೆಯಾ ಎಂದೆಲ್ಲ ಕೇಳುತ್ತಿದ್ದಳು. ಕೇಳಬೇಕಾದ್ದೊಂದನ್ನು ಮಾತ್ರ ಕೇಳುತ್ತಿರಲಿಲ್ಲ.

"ಕೊನೇ ಪುಟ ನೋಡೇ," ಎಂದಳು ಒಫೀಲಿಯಾ. "ಬ್ಯಾಂಡಿನ ನಾಲ್ಕು ಜನಾನೂ ತಮ್ತಮ್ಮೋರಿಗೆ ಥ್ಯಾಂಕ್ಸ್ ಬರ್ದಿದಾರೆ. ನಮ್ಮ ಬೆಟೋ ಮೊದಲ್ನೇ ಹೆಸರೇ ನಂದು ಹಾಕಿದಾನೆ! ಹಾಡೋ ಮಹಾನುಭಾವನ್ನ ನೋಡು, ನಾಯಿಗೆ ಎರಡು ಸಾಲು, ಹೆತ್ತೋಳಿಗೆ ಅರ್ಧ!"

ಟೆಸ್ ಅಮ್ಮನ ಕೈಯಿಂದ ಜಾರಿ, ಅಪ್ಪನ ಹೆಸರಿನ ಕೆಳಗಿದ್ದ ಥ್ಯಾಂಕ್ಸ್ ಪಟ್ಟಿಯ ಮೇಲೆ ಬೆರಳಿಟ್ಟಳು. ವ್ಯಾನ್ ರಿಪೇರಿ ಮಾಡಿದವನು. ಗಿಟಾರಿನ ತಂತಿ ಉದ್ದರಿ ಕೊಟ್ಟ ಅಂಗಡಿಯವನು. ಬೀದಿ ಮೂಲೆಯ ಟಾಕೋ ತಿಂಡಿಯ ಗಾಡಿಯವರು. ಸಮುದ್ರದಲ್ಲಿ ಅಲೆ ಸವಾರಿ ಮಾಡುವ ಗೆಳೆಯರು, ಒಬ್ಬೊಬ್ಬರಾಗಿ ಹನ್ನೊಂದು ಮಂದಿ. ಅಕ್ಷರ ಕೂಡಿಸಿಕೊಂಡು ಕೊನೆಯ ಸಾಲಿನವರೆಗೂ ಓದಿದಳು. ಹಾಳೆ ಮಗುಚಿ ಹಿಂಬದಿಯನ್ನೂ ನೋಡಿದಳು.

"ಒಫೀಲಿಯಾ ಅಜ್ಜಿ, ನಮ್ಮ ಹೆಸರೇ ಇಲ್ಲ."

"ಅಯ್ಯೋ ಹುಚ್ಚಿ, ಮನೆಯೋರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನೇ?"

"ಬೆಟೋ ನಿಮಗೆ ಹೇಳಿದಾನಲ್ಲ."

ಒಫೀಲಿಯಾ ಲೊರೇನಳ ಮುಖ ನೋಡಿದಳು, ನೋಡಬಾರದಿತ್ತು ಎನ್ನಿಸಿ ನೆಲ ನೋಡಿದಳು. "ಒಲೆ ಮೇಲೆ ಬೀನ್ಸ್ ಇಟ್ಟು ಬಂದಿದೀನಿ ಕಣಮ್ಮಾ," ಎಂದು ಸೀಡಿಯನ್ನೂ ಮರೆತು ಹೊರಟುಹೋದಳು.

"ಅಚ್ಚು ಹಾಕೋರು ಬಿಟ್ಟಿರ್ಬೇಕು ಪುಟ್ಟಿ," ಎಂದಳು ಲೊರೇನ್. "ಜಾಗ ಸಾಕಾಗಿರಲ್ಲ."

ಪುಟದ ಅಡಿಯಲ್ಲಿ ನಾಲ್ಕು ಬೆರಳು ಜಾಗ ಖಾಲಿಯೇ ಇತ್ತು. ಟೆಸ್ ಆ ಜಾಗವನ್ನು ತೋರಿಸಲಿಲ್ಲ. ಹಾಳೆಯನ್ನು ಮಡಿಸಿ ಮೇಜಿನ ಮೇಲಿಟ್ಟು, ಅಮ್ಮನ ಹತ್ತಿರ ಬಂದು ನಿಂತಳು.

"ಅಮ್ಮಾ, ಅಪ್ಪ ಇನ್ನು ಬರೋದೇ ಇಲ್ವಾ?"