ಕೊಳದ ಕಪ್ಪೆಗೆ ಸಾಕ್ಷಿ ಇಲ್ಲ

ಮೆಲ್ಬರ್ನಿನ ಟ್ರುಗನಿನಾದಲ್ಲಿ ನಮ್ಮ ಮನೆ ಹಿಂದೆ ಒಂದು ಕೊಳ ಇತ್ತು. ಈಗ ಇಲ್ಲ. ಅದು ಹೋದದ್ದರಲ್ಲಿ ನನ್ನ ತಪ್ಪೂ ಉಂಟು, ಅದಕ್ಕೇ ಹೇಳ್ತಿದ್ದೇನೆ. ನಾನು ಪ್ರಫುಲ್ಲಾ, ಉಡುಪಿ ಕಡೆಯವಳು.

ಆ ಕೊಳದಲ್ಲಿ ಗುರುಗುಟ್ಟುವ ಹಸಿರು ಕಪ್ಪೆ ಇತ್ತು. ಸ್ಟಾರ್ಟ್ ಆಗದ ಹಳೇ ಲೂನಾದ ಹಾಗೆ ಕೂಗುತ್ತಿತ್ತು. ಅಳಿದುಹೋಗುತ್ತಿರುವ ಜಾತಿ ಅಂತ ಗೊತ್ತಾದ ಮೇಲೆ ಎರಡು ವರ್ಷ, ಪ್ರತಿ ಶನಿವಾರ ಸಂಜೆ ಹೋಗಿ ಅದರ ಕೂಗು ಫೋನಲ್ಲಿ ರೆಕಾರ್ಡ್ ಮಾಡಿ, ಕಪ್ಪೆ ಗಣತಿಯ ವೆಬ್‌ಸೈಟಿಗೆ ಹಾಕುತ್ತಿದ್ದೆ.

2014ರಲ್ಲಿ ನೋಟಿಸ್ ಬಂತು. ಆ ಜಾಗದಲ್ಲಿ ಮಿಲಿಟರಿ ಗೋದಾಮು ಕಟ್ಟುತ್ತಾರಂತೆ. ನನ್ನ ಗಂಡ ಪ್ರೇಮನಾಥ ಹೆದರಿಬಿಟ್ಟರು.

"ಇಲ್ಲೇ ಕಾಯಂ ಆಗಿ ನೆಲೆಸಲು ಪಿಆರ್ ಅರ್ಜಿ ಹಾಕಿ ಕೂತಿದ್ದೇವೆ ಮಾರಾಯ್ತಿ! ಆರ್ಮಿ ಜಾಗದಲ್ಲಿ ರೆಕಾರ್ಡಿಂಗ್ ಮಾಡ್ತಿದ್ಲು ಅಂದ್ರೆ ಏನಾದೀತು? ಎಲ್ಲ ಡಿಲೀಟ್ ಮಾಡು."

ಮಾಡಿದೆ. ವೆಬ್‌ಸೈಟಿನ ಅಕೌಂಟನ್ನೂ ಮುಚ್ಚಿದೆ, ಅಲ್ಲಿದ್ದದ್ದೂ ಅಳಿಸಿಹೋಯಿತು. ಬುದ್ಧಿ ಎಲ್ಲಿಗೆ ಹೋಗಿತ್ತೋ!

ಕೆಲವು ತಿಂಗಳ ಮೇಲೆ ಪಕ್ಕದ ಮನೆಯ ಇಡಾ ಆಂಟಿ ಓಡಿ ಬಂದರು. ಅವರು ಸಿಡ್ನಿಯ ಗಿರಾವೀನ್‌ನಿಂದ ಹೊಸದಾಗಿ ಬಂದವರು, ವಕೀಲರ ಆಫೀಸಿನಲ್ಲಿ ಕೆಲಸ.

"ಗೋದಾಮಿಗೆ ಒಪ್ಪಿಗೆ ಸಿಕ್ಕಿತು. ಕಪ್ಪೆ ವಿಷಯ ಸರಿಯಾಗಿ ನೋಡಿಯೇ ಇಲ್ಲ. ಕೋರ್ಟಿಗೆ ಹೋಗಬಹುದು. ಆದ್ರೆ ಕೇಸ್ ಹಾಕುವವರು ಹಿಂದಿನ ಎರಡು ವರ್ಷ ಪರಿಸರ ಉಳಿಸುವ ಕೆಲಸ ಮಾಡಿರಬೇಕು. ಕಪ್ಪೆ ಕೂಗು ರೆಕಾರ್ಡ್ ಮಾಡಿದ್ದೆ ಅಂತ ಹೇಳಿದ್ದೆಯಲ್ಲ, ನೀನೇ ಹಾಕಬೇಕು."

"ಸೈನ್ಯದ ಮೇಲೆ ಕೇಸಾ ಆಂಟಿ?" ಅಂದರು ನನ್ನ ಗಂಡ. "ನಮ್ಮನ್ನು ಊರಿಗೆ ಕಳಿಸಿದರೆ?"

"ಎಂತ ಮಾತಾಡ್ತೀರಿ! ಇಲ್ಲಿ ಸೈನ್ಯವೂ ಕಾನೂನು ಕೇಳಬೇಕು. ನ್ಯಾಯ ಕೇಳಿದ್ದಕ್ಕೆ ಯಾರೂ ಪಿಆರ್ ನಿಲ್ಲಿಸುವುದಿಲ್ಲ. ಪ್ರಫುಲ್ಲಾ, ರೆಕಾರ್ಡಿಂಗ್ ತಾ."

ನಾನು ಅತ್ತುಬಿಟ್ಟೆ. ಆಂಟಿಗೆ ಅರ್ಥವಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ದಾಖಲೆ ಇಲ್ಲದೆ ಕೇಸ್ ನಿಲ್ಲುವುದಿಲ್ಲ ಅಂದರು ವಕೀಲರು. ಕೇಸ್ ಹಾಕಲು ಬೇರೆ ಯಾರೂ ಸಿಗಲಿಲ್ಲ. ಕೋರ್ಟಿಗೆ ಹೋಗುವ ಗಡುವು ಮುಗಿಯಿತು. ಬೇಸಿಗೆಯಲ್ಲಿ ಲಾರಿಗಳು ಬಂದು ಕೊಳಕ್ಕೆ ಮಣ್ಣು ಸುರಿದವು.

"ನನ್ನಿಂದಲೇ ಆಯ್ತಲ್ಲ," ಅಂದರು ಇವರು.

"ಹೌದು. ನನ್ನಿಂದಲೂ," ಅಂದೆ. ಸುಳ್ಳು ಸಮಾಧಾನ ಯಾಕೆ ಹೇಳಲಿ?

ಪಿಆರ್ ಬಂತು. ಈಗ ಶನಿವಾರ ಇಬ್ಬರೂ ಬೇರೆ ಕೊಳಗಳಿಗೆ ಹೋಗುತ್ತೇವೆ. ದಿನಾಂಕ, ನಮ್ಮ ಹೆಸರು ಬರೆಯುವವರು ಇವರೇ. ಆ ಕಪ್ಪೆ ಮಾತ್ರ ಇನ್ನೂ ಸಿಕ್ಕಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಬರ್ಬಿನಲ್ಲಿ ಅಪರೂಪದ ಜೀವಿ ಕಂಡರೆ ನಿಮ್ಮ ಹೆಸರಿನಲ್ಲೇ ದಾಖಲಿಸಿ, ಕಾಪಿ ಇಟ್ಟುಕೊಳ್ಳಿ. ಯೋಜನೆಯ ನೋಟಿಸ್ ಬಂದರೆ ಗಡುವಿನೊಳಗೆ ಅಭಿಪ್ರಾಯ ಕಳಿಸಿ. ಹೆದರಿಕೆಯಾದರೆ ಏನನ್ನೂ ಅಳಿಸುವ ಮೊದಲು ವಕೀಲರನ್ನು ಕೇಳಿ. ಕಪ್ಪೆ ಕೋರ್ಟಿಗೆ ಹೋಗಲಾರದು. ನಾನು ಹೋಗಬಹುದಿತ್ತು.